ಡಾಕರ್ ಲಾಗ್ ಜರ್ನಲ್‌ಗೆ ಬರುತ್ತಿಲ್ಲ

ಪ್ರಶ್ನೆ:
ಡಾಕರ್‌ನ (ಪ್ರೋಗ್ರಾಂಗಳನ್ನು ಕಂಟೈನರ್ ಎಂಬ ಪ್ರತ್ಯೇಕ ಪೊಟ್ಟಣಗಳಲ್ಲಿ ಓಡಿಸುವ ಸಾಧನ) ಡೀಮನ್.ಜೇಸನ್ ಸೆಟ್ಟಿಂಗ್ ಫೈಲಿನಲ್ಲಿ ಲಾಗ್-ಡ್ರೈವರ್ (ಲಾಗ್ ಎಲ್ಲಿಗೆ ಹೋಗಬೇಕೆಂಬ ಆಯ್ಕೆ) ಅನ್ನು ಜರ್ನಲ್‌ಡಿ (ಲಿನಕ್ಸ್‌ನ ಲಾಗ್ ಸಂಗ್ರಹ ಸೇವೆ) ಎಂದು ಬದಲಿಸಿ ಡಾಕರ್ ರೀಸ್ಟಾರ್ಟ್ ಮಾಡಿದೆ. ಹಳೆಯ ಕಂಟೈನರ್‌ನ ಲಾಗ್ ಇನ್ನೂ ಜೇಸನ್ ಫೈಲಿಗೇ ಹೋಗುತ್ತಿದೆ. ಲಾಗ್ ಜರ್ನಲ್‌ಗೆ ಬಂದಮೇಲೆ ಒಂದೇ ಕಂಟೈನರ್‌ನದ್ದನ್ನು ಹೆಕ್ಕುವುದು ಹೇಗೆ?

ಉತ್ತರ 1:
ಡ್ರೈವರ್ ನಿಗದಿಯಾಗುವುದು ಕಂಟೈನರ್ ಸೃಷ್ಟಿಯಾಗುವಾಗ, ಹಾಗಾಗಿ ರೀಸ್ಟಾರ್ಟ್ ಸಾಲದು. ಅದನ್ನು ತೆಗೆದು ಹೊಸದಾಗಿ ರನ್ ಮಾಡಿ. ವಾಲ್ಯೂಮ್‌ನಲ್ಲಿ (ಕಂಟೈನರ್ ಹೊರಗಿನ ಸಂಗ್ರಹ) ಇಲ್ಲದ ಡೇಟಾ ಅಳಿಸಿಹೋಗುತ್ತದೆ, ಮೊದಲೇ ನೋಡಿಕೊಳ್ಳಿ. ಡಾಕರ್ ಇನ್‌ಸ್ಪೆಕ್ಟ್‌ನ ಲಾಗ್‌ಕಾನ್ಫಿಗ್ ಭಾಗದಲ್ಲಿ ಯಾವ ಡ್ರೈವರ್ ಇದೆಯೆಂದು ತಿಳಿಯುತ್ತದೆ. ಆಮೇಲೆ ಜರ್ನಲ್ ಓದುವ ಜರ್ನಲ್‌ಸಿಟಿಎಲ್ ಕಮಾಂಡಿಗೆ ಕಂಟೈನರ್_ನೇಮ್=ವೆಬ್ ಎಂದು ಕೊಡಿ (ವೆಬ್ ಇರುವಲ್ಲಿ ನಿಮ್ಮ ಕಂಟೈನರ್‌ನ ಹೆಸರು); ಫೀಲ್ಡ್ ಹೆಸರು ಪೂರ್ತಿ ದೊಡ್ಡಕ್ಷರದಲ್ಲಿರಬೇಕು. ಲೈವ್ ಆಗಿ ನೋಡಲು -ಎಫ್, ಸಂದೇಶವಷ್ಟೇ ಸಾಕಾದರೆ -ಒ ಕ್ಯಾಟ್. ಡಾಕರ್ ಲಾಗ್ಸ್ ಕೂಡ ಎಂದಿನಂತೆ ಕೆಲಸ ಮಾಡುತ್ತದೆ.

ಉತ್ತರ 2:
ಅದೇ ಕಮಾಂಡಿಗೆ -ಪಿ ಎರ್ ಹಾಕಿದರೆ ಸ್ಟಡ್‌ಎರ್‌ಗೆ (ಪ್ರೋಗ್ರಾಂ ದೋಷ ಸಂದೇಶ ಬರೆಯುವ ದಾರಿ) ಬರೆದದ್ದೆಲ್ಲ ಬರುತ್ತದೆ. ಎಷ್ಟೋ ಪ್ರೋಗ್ರಾಂಗಳು ಮಾಮೂಲಿ ಮಾಹಿತಿಯನ್ನೂ ಅಲ್ಲಿಗೇ ಬರೆಯುತ್ತವೆ, ಅದನ್ನು ನಂಬಿ ಅಲರ್ಟ್ ಕಟ್ಟಬೇಡಿ.

ಉತ್ತರ 3:
ನಡುವೆ ಸಾಲುಗಳು ಕಾಣೆಯಾದರೆ ಜರ್ನಲ್‌ಡಿಯ ಸಂದೇಶಗಳ ಮಿತಿ ದಾಟಿರಬಹುದು. ಆ ಮಿತಿ, ಅಂದರೆ ರೇಟ್‌ಲಿಮಿಟ್‌ಬರ್ಸ್ಟ್, ಮೂಲತಃ ಒಂದು ಸರ್ವೀಸಿಗೆ 30 ಸೆಕೆಂಡಿಗೆ 10,000 ಸಂದೇಶ. ಎಲ್ಲ ಕಂಟೈನರ್‌ಗಳ ಲಾಗ್ ಡಾಕರ್ ಸರ್ವೀಸಿನ ಹೆಸರಲ್ಲೇ ಬರುವುದರಿಂದ ಒಂದರ ಗದ್ದಲಕ್ಕೆ ಉಳಿದವೂ ಬಲಿಯಾಗುತ್ತವೆ. ಜರ್ನಲ್‌ನಲ್ಲಿ ‘ಸಪ್ರೆಸ್ಡ್’ ಎಂದು ಹುಡುಕಿ. ರೀಬೂಟ್ ನಂತರವೂ ಲಾಗ್ ಉಳಿಯಬೇಕೆಂದರೆ ಜರ್ನಲ್‌ಡಿ.ಕಾನ್ಫ್‌ನಲ್ಲಿ ಸ್ಟೋರೇಜ್=ಪರ್ಸಿಸ್ಟೆಂಟ್ ಎಂದು ಇಡಬಹುದು.