ಸಿಗರೇಟು ಬಿಟ್ಟರೆ ಬರವಣಿಗೆ ನಿಂತುಹೋಗುವುದೇ?

ಕೇಳಿದವರು: ಹದಿನೈದು ವರ್ಷಗಳಿಂದ ಕಥೆ ಬರೆಯುತ್ತಿದ್ದೇನೆ; ಸಿಗರೇಟು ಹಚ್ಚದೆ ಬರೆಯಲು ಕುಳಿತದ್ದೇ ಇಲ್ಲ. ವೈದ್ಯರ ಸಲಹೆಯಂತೆ ಬಿಟ್ಟು ನಾಲ್ಕು ದಿನಗಳಾದವು, ಒಂದು ವಾಕ್ಯವೂ ಹುಟ್ಟಿಲ್ಲ. ಬಿಟ್ಟ ಮೇಲೂ ಬರೆದವರು ದಯವಿಟ್ಟು ಅನುಭವ ತಿಳಿಸಿ.

ಮೊದಲ ಉತ್ತರ: ಮಾನ್ಯರೇ, ನಾನು ಇಪ್ಪತ್ತೆರಡು ವರ್ಷ ಸೇದಿ, ಬಿಟ್ಟು ಒಂಬತ್ತು ವರ್ಷ ಕಳೆದವನು. ನಿಮ್ಮ ಪ್ರತಿಭೆಯನ್ನು ಈ ನಾಲ್ಕು ದಿನಗಳಿಂದ ಅಳೆಯಬೇಡಿರೆಂದು ಕೈಮುಗಿದು ಕೇಳುತ್ತೇನೆ. ತಂಬಾಕಿನಲ್ಲಿ ಚಟ ಹತ್ತಿಸುವ ನಿಕೋಟಿನ್ ರಕ್ತದಲ್ಲಿ ಸುಮಾರು 2 ಗಂಟೆಗಳಲ್ಲಿ ಅರ್ಧಕ್ಕಿಳಿಯುತ್ತದೆ. ಆಗ ಏಳುವ ಚಡಪಡಿಕೆಯನ್ನೂ ಮನಸ್ಸು ಒಂದೆಡೆ ನಿಲ್ಲದ ಸ್ಥಿತಿಯನ್ನೂ ಮುಂದಿನ ಸಿಗರೇಟು ತಣಿಸುತ್ತದೆ. ಹೀಗೆ ತಾನೇ ತಂದ ಕೊರತೆಯನ್ನು ತಾನೇ ತುಂಬಿದ್ದನ್ನು ನಾವು ಸ್ಫೂರ್ತಿಯೆಂದು ಕರೆದುಕೊಂಡು ಬಂದಿದ್ದೇವೆ. ಬಿಟ್ಟ ಮೊದಲ ವಾರ ಈ ತಳಮಳ ತೀವ್ರವಾಗಿರುತ್ತದೆ, ಬಹುತೇಕರಿಗೆ 2ರಿಂದ 4 ವಾರಗಳಲ್ಲಿ ತಗ್ಗುತ್ತದೆ.

ನನ್ನ ಮೇಜಿನ ಬಲ ಅಂಚಿನಲ್ಲಿ ಸಾಲಾಗಿ ಕಂದು ಸುಟ್ಟ ಗುರುತುಗಳಿವೆ. ಬರೆಯುತ್ತಾ ಅಲ್ಲಿಟ್ಟು ಮರೆತ ಸಿಗರೇಟುಗಳವು. ಬಿಟ್ಟ ಮೇಲೆ ಅವನ್ನು ನೋಡುತ್ತಾ ಕುಳಿತಾಗ ಹೊಳೆದದ್ದು ಇಷ್ಟು: ಕಥೆ ನಿಜವಾಗಿ ಓಡುತ್ತಿದ್ದಾಗ ನಾನು ಸೇದುತ್ತಲೇ ಇರಲಿಲ್ಲ, ಸಿಗರೇಟು ತನ್ನಷ್ಟಕ್ಕೆ ಉರಿದು ಮರಕ್ಕೆ ತಾಗುತ್ತಿತ್ತು. ಸೇದುತ್ತಿದ್ದುದು ವಾಕ್ಯ ಸಿಕ್ಕಿಕೊಂಡಾಗ. ಆ ಬಿಡುವು, ಆ ದೀರ್ಘ ಉಸಿರು, ಕಿಟಕಿಯವರೆಗಿನ ನಡಿಗೆ ನನಗೆ ಬೇಕಿದ್ದವು. ಅವನ್ನು ಉಳಿಸಿಕೊಂಡು, ಬಾಯಿಗೆ ಲವಂಗ ಹಾಕಿಕೊಂಡೆ. ಮೊದಲ ಮೂರು ವಾರದಲ್ಲಿ ಬರೆದದ್ದು ಹನ್ನೊಂದೇ ಸಾಲು. ಎರಡನೆಯ ತಿಂಗಳಲ್ಲಿ, ವರ್ಷದಿಂದ ನಿಂತಿದ್ದ ಕಥೆಯೊಂದು ಮುಗಿಯಿತು.

ರಷ್ಯದ ಕಾದಂಬರಿಕಾರ ಟಾಲ್‌ಸ್ಟಾಯ್ 1890ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಹೊಗೆಯು ಬರಹಗಾರನ ಒಳಗಿನ ವಿಮರ್ಶಕನ ಬಾಯಿ ಮುಚ್ಚಿಸುತ್ತದೆ ಎಂಬ ಅರ್ಥದ ಮಾತನ್ನು ಹೇಳಿದ್ದಾರೆ. ನನ್ನ ಹಳೆಯ ಕರಡುಗಳನ್ನು ಓದಿದಾಗ ಅದು ನಿಜವೆನಿಸಿತು. ಇದಕ್ಕೆ ವಿರುದ್ಧವಾಗಿ ಮನೋವಿಶ್ಲೇಷಣೆಯ ಜನಕ ಫ್ರಾಯ್ಡ್ ತಮ್ಮ ದುಡಿಮೆಯ ಶಕ್ತಿಗೆ ಚುಟ್ಟವೇ ಕಾರಣವೆಂದು ನಂಬಿದ್ದರು. 1923ರಲ್ಲಿ ಬಾಯಿಯ ಕ್ಯಾನ್ಸರ್ ಕಂಡುಬಂದು, 30ಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾಗಿ, ಅಂಗುಳಿಗೆ ಕೃತಕ ತಡಿಕೆ ಹಾಕಿಸಿಕೊಂಡ ಮೇಲೂ ಅವರು ಸೇದುತ್ತಿದ್ದರು. ಆ ನಂಬಿಕೆಗೆ ಅವರು ತೆತ್ತ ಬೆಲೆಯನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಎರಡನೆಯ ಉತ್ತರ: ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನನಗೆ ಲವಂಗ ಸಾಲಲಿಲ್ಲ. ವೈದ್ಯರನ್ನು ಕೇಳಿ ನಿಕೋಟಿನ್ ಗಮ್ ತೆಗೆದುಕೊಂಡೆ. ಅದನ್ನು ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿಯಬಾರದು. ನಾಲಿಗೆಗೆ ಚುರುಕು ಹತ್ತಿದೊಡನೆ ಕೆನ್ನೆಯ ಒಳಬದಿಯಲ್ಲಿಟ್ಟು, ಚುರುಕು ಇಳಿದ ಮೇಲೆ ಮತ್ತೆ ಅಗಿಯಬೇಕು. ಇದು ತಿಳಿಯದೆ ಮೊದಲ ದಿನ ಬಿಕ್ಕಳಿಕೆಯಿಂದ ಕಷ್ಟಪಟ್ಟೆ. ತಂಬಾಕು ಬಿಡುವವರಿಗಾಗಿ ಸರ್ಕಾರದ ಉಚಿತ ಸಹಾಯವಾಣಿಯಿದೆ, ಸಂಖ್ಯೆ 1800-11-2356. ರಾತ್ರಿ ಬರೆಯುತ್ತಿದ್ದವನು ನಾನು ಬೆಳಗಿನ ಜಾವಕ್ಕೆ ಬದಲಾಯಿಸಿಕೊಂಡೆ; ಆ ಹೊತ್ತಿಗೆ ಅಂಗಡಿಗಳೂ ತೆರೆದಿರುವುದಿಲ್ಲ.