ಚಿಕ್ಕ ತಾಕಿನಲ್ಲಿ ಇಳುವರಿ ಹೆಚ್ಚು: ನಿಜವೋ, ಅಳತೆಯ ತಪ್ಪೋ?

ಪ್ರಶ್ನೆ
ಸಣ್ಣ ರೈತರ ಸಮೀಕ್ಷೆಯ ದತ್ತಾಂಶವಿದೆ. ತಾಕಿನ ವಿಸ್ತೀರ್ಣ, ಫಸಲು ಎರಡೂ ರೈತರು ಬಾಯಲ್ಲಿ ಹೇಳಿದ್ದು. ಇಳುವರಿಯ (ಫಸಲು ÷ ವಿಸ್ತೀರ್ಣ) ಲಾಗ್ (ಲಾಗರಿಥಮ್) ಅನ್ನು ವಿಸ್ತೀರ್ಣದ ಲಾಗ್ ಮೇಲೆ ರಿಗ್ರೆಶನ್‌ಗೆ (ಒಂದು ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಎಂಬ ಲೆಕ್ಕಕ್ಕೆ) ಹಾಕಿದರೆ ಗುಣಾಂಕ ಋಣಾತ್ಮಕ, ಅದೂ ಗಟ್ಟಿಯಾಗಿ. ತಾಕು ಚಿಕ್ಕದಾದಷ್ಟೂ ಇಳುವರಿ ಹೆಚ್ಚು ಅಂತ ಬರೆಯಬಹುದೇ? ಮುಂದಿನ ಸುತ್ತಿಗೆ ಜಿಪಿಎಸ್ ತಂದರೆ ಸಾಕೇ?

ಉತ್ತರ 1
ಈಗಲೇ ಬರೆಯಬೇಡಿ. ವಿಸ್ತೀರ್ಣ ಇಳುವರಿಯ ಛೇದದಲ್ಲೂ ಇದೆ, ಸಮೀಕರಣದ ಬಲಗಡೆಯೂ ಇದೆ. ಅರ್ಧ ಎಕರೆಯನ್ನು ಮುಕ್ಕಾಲು ಅಂದುಬಿಟ್ಟರೆ ತಾಕು ದೊಡ್ಡದಾಯಿತು, ಅದೇ ಏಟಿಗೆ ಇಳುವರಿ ಮೂರನೇ ಒಂದು ಭಾಗ ಇಳಿಯಿತು. ಹೊಲದಲ್ಲಿ ಏನೂ ಆಗದೆಯೇ ಋಣಾತ್ಮಕ ಸಂಬಂಧ ಹುಟ್ಟಿತು.

ಹಾಗಂತ ಜಿಪಿಎಸ್ ಒಂದರಿಂದಲೇ ಇದು ಬಗೆಹರಿಯುವುದಿಲ್ಲ. ಉಗಾಂಡಾದ ದತ್ತಾಂಶದ ಮೇಲೆ 2013ರಲ್ಲಿ ಬಂದ ಅಧ್ಯಯನದಲ್ಲಿ ಚಿಕ್ಕ ಹಿಡುವಳಿಯವರು ಜಮೀನನ್ನು ಹೆಚ್ಚಿಸಿ, ದೊಡ್ಡವರು ಇಳಿಸಿ ಹೇಳಿದ್ದರು. ಜಿಪಿಎಸ್ ಅಳತೆ ಹಾಕಿದ ಮೇಲೆ ವಿಲೋಮ ಸಂಬಂಧ (ತಾಕು ಚಿಕ್ಕದಾದಷ್ಟೂ ಇಳುವರಿ ಹೆಚ್ಚು ಎಂಬುದು) ಇನ್ನಷ್ಟು ಗಟ್ಟಿಯಾಯಿತು! ಆಮೇಲೆ ಇಥಿಯೋಪಿಯಾದಲ್ಲೂ (2018) ಉಗಾಂಡಾದ ಮೆಕ್ಕೆಜೋಳದಲ್ಲೂ (2019) ಫಸಲನ್ನೇ ಕೊಯ್ದು ತೂಗಿ ನೋಡಿದಾಗ ಸಂಬಂಧ ಮಾಯವಾಯಿತು. ಚಿಕ್ಕ ತಾಕಿನ ಫಸಲನ್ನು ಹೆಚ್ಚಿಸಿ ಹೇಳುವುದೇ ಅಲ್ಲಿ ಮುಖ್ಯ ದೋಷ. ಛೇದವನ್ನಷ್ಟೇ ಸರಿಪಡಿಸಿ ಅಂಶವನ್ನು ಹಾಗೇ ಬಿಟ್ಟರೆ ಮೊದಲಿಗಿಂತ ದೂರ ಹೋಗಬಹುದು.

ಉತ್ತರ 2
ಬೆಳೆ ಕಟಾವಿನಲ್ಲೂ (ತಾಕಿನ ಒಂದು ಚಿಕ್ಕ ಚೌಕವನ್ನು ಕೊಯ್ದು ತೂಗುವುದರಲ್ಲೂ) ಎಡವುವ ಜಾಗಗಳಿವೆ. 5×5 ಮೀಟರ್ ಚೌಕ ಅಂದುಕೊಳ್ಳಿ. ಮೂಲೆಯ ಜಾಗ ಯಾದೃಚ್ಛಿಕ ಸಂಖ್ಯೆಯಿಂದಲೇ ಬರಬೇಕು. ಕಣ್ಣಳತೆಗೆ ಬಿಟ್ಟರೆ ಗಣತಿದಾರರ ಕಾಲು ಹುಲುಸಾದ ಬೆಳೆಯ ಕಡೆಗೇ ಎಳೆಯುತ್ತದೆ. ನಾಲ್ಕು ಗೂಟ ಹೊಡೆದ ಮೇಲೆ ಕರ್ಣ ಅಳೆಯಿರಿ, ಎರಡೂ 7.07 ಮೀಟರ್ ಬರಬೇಕು. ಬದಿಗಳು 5.1 ಆಗಿಬಿಟ್ಟರೆ 25ರ ಬದಲು 26 ಚದರ ಮೀಟರ್ ಕೊಯ್ದಂತೆ, ಇಳುವರಿ ಶೇ. 4 ಉಬ್ಬುತ್ತದೆ. ಗೆರೆಯ ಮೇಲಿನ ಗಿಡಕ್ಕೆ ಬುಡ ಒಳಗಿದ್ದರೆ ಮಾತ್ರ ಲೆಕ್ಕ.

ತೇವಾಂಶ ಬರೆದುಕೊಳ್ಳದಿದ್ದರೆ ತೂಗಿದ್ದೆಲ್ಲ ದಂಡ. ಶೇ. 20 ತೇವದ 10 ಕಿಲೋ ಕಾಳು ಶೇ. 14ಕ್ಕೆ ಇಳಿದರೆ 10×80/86, ಅಂದರೆ 9.3 ಕಿಲೋ. ಒಂದು ಹೆಕ್ಟೇರಿನಲ್ಲಿ ಇಂಥ 25 ಚದರ ಮೀಟರಿನ ಚೌಕಗಳು 400, ಹಾಗಾಗಿ ಅದನ್ನು 400ರಿಂದ ಗುಣಿಸಿದರೆ ಹೆಕ್ಟೇರಿಗೆ 3,720 ಕಿಲೋ. ಕೊಯ್ಲು, ಸಾಗಣೆಯಲ್ಲಿ ಉದುರುವುದು ಇದರಲ್ಲಿ ಸೇರಿಲ್ಲ. ರೈತನ ಮನೆಗೆ ಬರುವುದು ಇದಕ್ಕಿಂತ ಕಡಿಮೆಯೇ.

ಉತ್ತರ 3
ತೀರಾ ಚಿಕ್ಕ ತಾಕಿಗೆ ಜಿಪಿಎಸ್ ಬೇಡ, ಟೇಪು ಹಿಡಿಯಿರಿ. 20×20 ಮೀಟರಿನ ತಾಕಿನಲ್ಲಿ ಬದಿಗೆ 2 ಮೀಟರ್ ತಪ್ಪಿದರೂ 400 ಹೋಗಿ 484 ಚದರ ಮೀಟರ್ ಆಗುತ್ತದೆ.

ಇನ್ನೊಂದು ಮಾತು: ಇಳುವರಿ ಬೇರೆ, ಲಾಭ ಬೇರೆ. ಕೂಲಿ ಕೊಟ್ಟರೆ ಗಿಟ್ಟದ ಕೆಲಸವನ್ನೂ ಮನೆಮಂದಿ ಮಾಡುತ್ತಾರೆ ಎಂಬುದು ಚಿಕ್ಕ ಹಿಡುವಳಿಯ ಹೆಚ್ಚಿನ ಇಳುವರಿಗೆ ಭಾರತದ ಅಂಕಿಅಂಶಗಳ ಮೇಲೆ 1962ರಲ್ಲಿ ಅಮರ್ತ್ಯ ಸೇನ್ ಕೊಟ್ಟ ವಿವರಣೆ. ಮನೆಯವರ ದುಡಿಮೆಗೆ ಸೊನ್ನೆ ಹಾಕಿ ಒಮ್ಮೆ, ಪೂರ್ತಿ ಕೂಲಿ ದರ ಹಾಕಿ ಇನ್ನೊಮ್ಮೆ ಲೆಕ್ಕ ಮಾಡಿ ಎರಡನ್ನೂ ತೋರಿಸಿ.

ಪ್ರಶ್ನೆ ಕೇಳಿದವರು
ಎಲ್ಲ ತಾಕುಗಳಲ್ಲೂ ಕಟಾವು ಮಾಡಿಸುವಷ್ಟು ಹಣವಿಲ್ಲ.

ಉತ್ತರ 1
ಬೇಕಿಲ್ಲ. ವಿಸ್ತೀರ್ಣದ ಪ್ರತಿ ಗುಂಪಿನಿಂದ (ಚಿಕ್ಕ, ಮಧ್ಯಮ, ದೊಡ್ಡ ತಾಕುಗಳಿಂದ) ಕೆಲವನ್ನು ಚೀಟಿ ಎತ್ತಿ ಆರಿಸಿ. ಆ ತಾಕುಗಳ ರೈತರಿಂದ ಫಸಲಿನ ಅಂದಾಜನ್ನೂ ಕೇಳಿ, ಆದರೆ ಕಟಾವಿನ ತೂಕವನ್ನು ಅವರಿಗೆ ಮೊದಲೇ ತಿಳಿಸಬೇಡಿ. ಹೇಳಿದ್ದಕ್ಕೂ ತೂಗಿದ್ದಕ್ಕೂ ಇರುವ ವ್ಯತ್ಯಾಸವು ವಿಸ್ತೀರ್ಣದ ಜೊತೆ ಏರಿಳಿಯುತ್ತದೆಯೇ ಅಂತ ಮೊದಲು ನೋಡಿ.