ಮೊಲದ ಚಿತ್ರವೂ ನನ್ನ ಬಲಗೆನ್ನೆಯೂ

ಶನಿವಾರ ಸಂಜೆ ಕದ್ರಿಯ ಹೋಟೆಲಿನ ಮೂಲೆ ಟೇಬಲ್ಲು ನಮ್ಮದು. ಬೇರೆ ಯಾರಾದರೂ ಕೂತಿದ್ದರೆ ಪಕ್ಕದಲ್ಲೇ ನಿಂತು ಅವರ ಬನ್ಸನ್ನು ನೋಡುತ್ತೇವೆ. ಬೇಗ ಏಳುತ್ತಾರೆ. ಹೋದ ವಾರವೂ ಹಾಗೇ ಜಾಗ ಸಿಕ್ಕಿತು. ಹೊರಗೆ ಮಳೆ ಹೊಡೆಯುತ್ತಿತ್ತು. ಶೈಲಾ ಬ್ಯಾಗಿನಿಂದ ಒಂದು ಪುಟ್ಟ ಪೆಟ್ಟಿಗೆ ತೆಗೆದಳು. ಮುಖಕ್ಕೆ ಹಚ್ಚುವ ಕ್ರೀಮು. 50 ಗ್ರಾಂಗೆ 599 ರೂಪಾಯಿ.

ಪ್ರವೀಣ ಅದನ್ನು ತಿರುಗಿಸಿ ನೋಡಿದ. ಹಿಂದುಗಡೆ ಮೂಲೆಯಲ್ಲಿ ಕಡಲೆಬೇಳೆ ಗಾತ್ರದ ಒಂದು ಮೊಲ ಹಾರುತ್ತಿತ್ತು.

"ಎಂತ ಮಾರಾಯ್ತಿ ಇದು, ಮೊಲದ ಕೊಬ್ಬು ಹಾಕಿದ್ದಾರಾ?"

"ಅಲ್ಲ ಮಾರಾಯ, ಪ್ರಾಣಿಗಳ ಮೇಲೆ ಟೆಸ್ಟ್ ಮಾಡಿಲ್ಲ ಅಂತ ಅರ್ಥ."

"ಮಾಡದಿದ್ದರೆ ಚಿತ್ರ ಯಾಕೆ? ಸಿಗಡಿ ಉಪ್ಪಿನಕಾಯಿ ಬಾಟಲಿ ಮೇಲೆ ಸಿಗಡಿ ಚಿತ್ರ ಇದ್ದರೆ ಒಳಗೆ ಸಿಗಡಿ ಇಲ್ಲ ಅಂತ ಅರ್ಥವಾ?"

ವಾಸು ಭಟ್ರು ಬನ್ಸ್ ಮುರಿಯುತ್ತಾ ಕೇಳಿದರು, "ಅಷ್ಟಕ್ಕೂ ಮೊಲಕ್ಕೆ ಕ್ರೀಮು ಹಚ್ಚುವುದು ಯಾಕೆ? ಅದು ಮೊದಲೇ ಬೆಳ್ಳಗೆ ಉಂಟಲ್ಲ."

ಶೈಲಾ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವವಳು. ಅವಳ ಹತ್ತಿರ "ಯಾಕೆ" ಅಂತ ಕೇಳಬಾರದು. ಕೇಳಿದರೆ ಬೆಲ್ ಹೊಡೆಯುವ ತನಕ ಬಿಡುವುದಿಲ್ಲ. ಹೋಟೆಲಿನಲ್ಲಿ ಬೆಲ್ಲೂ ಇಲ್ಲ.

"1930ರ ದಶಕದಲ್ಲಿ ಅಮೆರಿಕದಲ್ಲಿ ರೆಪ್ಪೆಗೆ ಹಚ್ಚುವ ಒಂದು ಬಣ್ಣದಿಂದ ಹೆಂಗಸರ ಕಣ್ಣು ಹಾಳಾಯಿತು. ಒಬ್ಬಳು ಸತ್ತೇ ಹೋದಳು. 1938ರಲ್ಲಿ ಅಲ್ಲಿ ಕಾನೂನು ಬಂತು. ಆಮೇಲೆ 1944ರಲ್ಲಿ ಸರ್ಕಾರಿ ವಿಜ್ಞಾನಿ ಜಾನ್ ಡ್ರೇಜ್ ಅನ್ನುವವರು ಒಂದು ಪರೀಕ್ಷೆ ಬರೆದಿಟ್ಟರು. ಮೊಲ ಸಾಧು ಪ್ರಾಣಿ, ಕಣ್ಣು ದೊಡ್ಡದು, ಸಾಕುವ ಖರ್ಚೂ ಕಡಿಮೆ. ತಲೆ ಮಾತ್ರ ಹೊರಗೆ ಬರುವ ಹಾಗೆ ಪೆಟ್ಟಿಗೆಯಲ್ಲಿ ಕೂರಿಸಿ ಒಂದು ಕಣ್ಣಿಗೆ ಪರೀಕ್ಷಿಸಬೇಕಾದ ವಸ್ತು ಹಾಕುವುದು. ಇನ್ನೊಂದು ಕಣ್ಣನ್ನು ಹಾಗೇ ಬಿಡುವುದು, ಹೋಲಿಸಿ ನೋಡಲಿಕ್ಕೆ. ದಿನಗಟ್ಟಲೆ ನೋಡಿ ಕೆಂಪಾದದ್ದಕ್ಕೆ, ಊದಿದ್ದಕ್ಕೆ ಮಾರ್ಕು ಕೊಡುವುದು."

ಪ್ರವೀಣ ಸುಮ್ಮನಾದ. ನಾನು ಮಾತ್ರ ಸುಮ್ಮನಿರಲಿಲ್ಲ. ಈ ಪದ್ಧತಿ ನನಗೆ ಗೊತ್ತಿದ್ದದ್ದೇ.

ನಮ್ಮ ಮನೆಯಲ್ಲಿ ಅಕ್ಕಂದಿರು ಮೂವರು, ಮೊಲ ನಾನೊಬ್ಬನೇ. ಕಡಲೆಹಿಟ್ಟು, ಅರಸಿನ, ಒಣಗಿಸಿದ ಕಿತ್ತಳೆ ಸಿಪ್ಪೆಯ ಪುಡಿ, ಲಿಂಬೆ ರಸ, ಯಾವುದನ್ನು ಕಲಸಿದರೂ ಮೊದಲ ಮುದ್ದೆ ನನಗೆ. ಬಚ್ಚಲುಮನೆಯ ಕಟ್ಟೆಯ ಮೇಲೆ ಕೂರಿಸುತ್ತಿದ್ದರು. ದೊಡ್ಡಕ್ಕ ಎರಡೂ ಕೈ ಹಿಡಿಯುವುದು, ಸಣ್ಣಕ್ಕ ಗಡಿಯಾರ ನೋಡುವುದು. ನಡುವಿನವಳು ಬುದ್ಧಿವಂತೆ. ಬಲಗೆನ್ನೆಗೆ ಮಾತ್ರ ಹಚ್ಚುತ್ತಿದ್ದಳು. ಎಡಗೆನ್ನೆಗೆ ಯಾಕಿಲ್ಲ ಅಂದರೆ "ವ್ಯತ್ಯಾಸ ಗೊತ್ತಾಗಬೇಕಲ್ಲ" ಅನ್ನುವಳು. ಒಣಗುತ್ತಾ ಬಂದ ಹಾಗೆ ಆ ಕಡೆಯ ಚರ್ಮ ಬಿಗಿದು, ನಗು ಬಂದರೂ ಎಡಗಡೆಗೆ ಮಾತ್ರ ಬರುತ್ತಿತ್ತು. ನಾಲ್ಕನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ನನ್ನ ಮುಖ ಅರ್ಧ ಅರಸಿನ, ಅರ್ಧ ನಾನು.

"ನಿನಗೆ ಮಾರ್ಕು ಎಷ್ಟು ಬಂತು?" ಎಂದು ಪ್ರವೀಣ ಕೇಳಿದ. ಇಂಥವರನ್ನು ಸ್ನೇಹಿತರು ಅನ್ನುತ್ತೇವೆ.

"ಈ ಹಾರುವ ಮೊಲದ ಗುರುತಿಗೆ ಲೀಪಿಂಗ್ ಬನ್ನಿ ಅಂತ ಹೆಸರು," ಎಂದಳು ಶೈಲಾ. 'ಬನ್ನಿ' ಅಂದದ್ದು ಕೇಳಿ ಮಾಣಿ ಓಡಿ ಬಂದ. ಭಟ್ರು ಹೇಗೂ ಬಂದನಲ್ಲ ಅಂತ ಇನ್ನೊಂದು ಚಾ ಹೇಳಿದರು. "1996ರಿಂದ ಉಂಟು ಇದು. ಗುರುತು ಕೊಡುವವರು ಕ್ರೀಮು ಮಾಡುವವರನ್ನು ಮಾತ್ರ ಅಲ್ಲ, ಅವರಿಗೆ ಕಚ್ಚಾ ಮಾಲು ಕೊಡುವವರನ್ನೂ ಪ್ರಾಣಿಗಳ ಮೇಲೆ ಟೆಸ್ಟ್ ಮಾಡಿದ್ದೀರಾ ಅಂತ ಕೇಳುತ್ತಾರೆ. ಕೆಲವು ಕಂಪನಿಯವರು ಸುಮ್ನೆ ತಾವೇ ಒಂದು ಮೊಲ ಬಿಡಿಸಿಕೊಳ್ಳುವುದೂ ಉಂಟು."

ನನಗೆ ಅರ್ಥವಾಗದ್ದು ಬೇರೆ. ನಮ್ಮ ದೇಶದಲ್ಲಿ 2014ರ ಮೇ ತಿಂಗಳಲ್ಲೇ ಸೌಂದರ್ಯ ಸಾಮಗ್ರಿಗೆ ಪ್ರಾಣಿ ಪರೀಕ್ಷೆ ಬಂದ್ ಆಗಿದೆಯಂತೆ. ಅದೇ ನವೆಂಬರಿನಲ್ಲಿ, ಹಾಗೆ ಪರೀಕ್ಷೆ ಮಾಡಿದ್ದನ್ನು ಹೊರಗಿನಿಂದ ತರುವುದೂ ಬಂದ್. ಮತ್ತೆ ಇಲ್ಲೇ ಮಾಡಿ ಇಲ್ಲೇ ಮಾರುವವರು "ನಾವು ಪ್ರಾಣಿಗಳ ಮೇಲೆ ಪರೀಕ್ಷಿಸುವುದಿಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಬರೆಯುವುದು ಎಂತಕ್ಕೆ? ಹೆಲ್ಮೆಟ್ ಹಾಕಿ ಬಂದದ್ದಕ್ಕೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟ ಹಾಗಾಯಿತು, ಅಲ್ವಾ?

"ಎಲ್ಲ ಕಡೆ ಮಾರುವವರದ್ದು ಬೇರೆ ಕಥೆ," ಎಂದಳು ಶೈಲಾ. "ಚೀನಾದಲ್ಲಿ 2021ರ ಮೇವರೆಗೆ ಹೊರಗಿನಿಂದ ಬಂದ ಮಾಮೂಲಿ ಕ್ರೀಮಿಗೂ ಪ್ರಾಣಿ ಪರೀಕ್ಷೆ ಕಡ್ಡಾಯ ಇತ್ತು. ಆಗ ಕೆಲವರು ಬರೆಯುತ್ತಿದ್ದದ್ದು ಹೇಗೆ ಗೊತ್ತುಂಟಾ? ನಾವು ಪರೀಕ್ಷಿಸುವುದಿಲ್ಲ, ಕಾನೂನು ಕೇಳಿದ ಕಡೆ ಬಿಟ್ಟು."

"ನಾನೂ ಸಿಗರೇಟು ಸೇದುವುದಿಲ್ಲ," ಎಂದ ಪ್ರವೀಣ, "ಯಾರಾದರೂ ಕೊಟ್ಟಾಗ ಬಿಟ್ಟು."

ಭಟ್ರಿಗೆ ಸಮಾಧಾನವಾಗಿತ್ತು. "ನನ್ನ ಮಗಳು ಮೊಲದ ಗುರುತಿನ ಲಿಪ್‌ಸ್ಟಿಕ್ಕೇ ತರಿಸುವುದು. ನಮ್ಮದು ಶುದ್ಧ ಸಸ್ಯಾಹಾರ ನೋಡಿ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಭಟ್ರೇ. ಪರೀಕ್ಷೆ ಬೇರೆ, ಒಳಗೆ ಹಾಕಿದ್ದು ಬೇರೆ. ಹಿಂದುಗಡೆ ಸಿಐ 75470 ಅಂತ ಉಂಟಾ ಕೇಳಿ."

ಭಟ್ರು ಮನೆಗೆ ಫೋನ್ ಹಚ್ಚಿದರು. ಮಗಳು ಒಂದೊಂದೇ ಓದಿದಳು. ಉಂಟು.

"ಅದು ಕಾರ್ಮೈನ್ ಅನ್ನುವ ಬಣ್ಣದ ನಂಬರ್. ಪೆರು ದೇಶದ ಕಡೆ ಪಾಪಾಸುಕಳ್ಳಿಯ ಮೇಲೆ ಬದುಕುವ ಹುಳ. ಒಣಗಿಸಿ, ಪುಡಿ ಮಾಡಿ ಕೆಂಪು ತೆಗೆಯುತ್ತಾರೆ."

ಭಟ್ರ ಕೈಯ ಬನ್ಸ್ ಅರ್ಧ ದಾರಿಯಲ್ಲಿ ನಿಂತಿತು. "ಮೊನ್ನೆ ಏಕಾದಶಿ. ಉಪವಾಸ ಅಂತ ನೀರೂ ಮುಟ್ಟಲಿಲ್ಲ ಅವಳು. ಲಿಪ್‌ಸ್ಟಿಕ್ ಇತ್ತು."

"ನಾನು ತಿನ್ನುವ ಬಂಗುಡೆ ಬಂಗುಡೆಯ ಹಾಗೇ ಇರುತ್ತದೆ ಭಟ್ರೇ," ಎಂದ ಪ್ರವೀಣ. "ತಲೆ, ಬಾಲ ಎಲ್ಲ ಇರುತ್ತದೆ. ನಂಬರ್ ಹಾಕಿಕೊಂಡು ಬರುವುದಿಲ್ಲ."

ಅವನ ಸಂತೋಷ ಜಾಸ್ತಿ ಹೊತ್ತು ಉಳಿಯಲಿಲ್ಲ. ಮೊಲ ಬಿಟ್ಟ ಮೇಲೆ ಈಗ ಎಂತದರ ಮೇಲೆ ನೋಡುತ್ತಾರೆ ಅಂತ ಅವನೇ ಕೇಳಿದ. ಲ್ಯಾಬಿನಲ್ಲಿ ಮನುಷ್ಯರ ಜೀವಕೋಶದಿಂದ ಬೆಳೆಸಿದ ಚರ್ಮ ಉಂಟು ಎಂದಳು ಶೈಲಾ. ಅಲ್ಲಿಯವರೆಗೆ ಸರಿ ಇತ್ತು. "ಕಣ್ಣಿನದ್ದಕ್ಕೆ ಕೋಳಿ ಕಣ್ಣೂ ಉಂಟು. ಹೇಗೂ ತಿನ್ನಲಿಕ್ಕೆ ಕೊಯ್ದ ಕೋಳಿಯದ್ದು, ಕಸಾಯಿಖಾನೆಯಿಂದ ತರುತ್ತಾರೆ."

ಪ್ರವೀಣನಿಗೆ ರಾತ್ರಿ ಕೋರಿ ರೊಟ್ಟಿ ಇತ್ತು. "ನೀನು ಇದನ್ನು ನಾಳೆ ಹೇಳಬಹುದಿತ್ತು ಮಾರಾಯ್ತಿ."

ಚಾ ಮುಗಿಯಿತು. ಶೈಲಾ ಕ್ರೀಮಿನ ಮುಚ್ಚಳ ತೆಗೆದಳು. ಹೊಸದನ್ನು ಒಮ್ಮೆಲೇ ಮುಖಕ್ಕೆ ಹಚ್ಚಬಾರದು, ಮೊಣಕೈಯ ಒಳಬದಿಗೆ ಚೂರು ಹಚ್ಚಿ ಒಂದು ದಿನ ಕಾಯಬೇಕು ಎಂದಳು. ಹಚ್ಚಿಕೊಳ್ಳಲಿಲ್ಲ. ಮೂವರೂ ನನ್ನ ಮುಖ ನೋಡಿದರು. ಹಳೆಯ ಅಭ್ಯಾಸ, ಕೈ ತಾನಾಗಿಯೇ ಮುಂದೆ ಹೋಯಿತು. ಬಲಗೈ.

ಮರುದಿನ ಬೆಳಿಗ್ಗೆ ಏಳಕ್ಕೇ ಫೋನ್.

"ಕೆಂಪಾಗಿದೆಯಾ?"

"ಇಲ್ಲ."

"ತುರಿಕೆ?"

"ಇಲ್ಲ."

"ಎಡಗೈ ಹೇಗುಂಟು?"

"ಎಡಗೈಗೆ ಎಂತ ಹಚ್ಚಲಿಲ್ಲವಲ್ಲ!"

"ಗೊತ್ತು ಮಾರಾಯ. ಹೋಲಿಸಲಿಕ್ಕೆ."